ಎಣ್ಣೆ ನಡೆವ ದಾರಿ

ಯಂತ್ರವೊಂದು ಕೆಟ್ಟು ನಿಲ್ಲುವುದು ರಸ್ತೆಯ ಮೇಲಾದರೆ ಅದು ಕೇವಲ ತೊಂದರೆ. ನೀರಿನ ಮೇಲಾದರೆ ವಿಪತ್ತು. ಬಸ್ಸು ನಿಂತರೆ ಪ್ರಯಾಣಿಕರು ಇಳಿದು, ಮರದ ನೆರಳಿನಲ್ಲಿ ಕುಳಿತು, ಸಾವಕಾಶವಾಗಿ ಲೋಕದ ಅವ್ಯವಸ್ಥೆಯನ್ನು ಚರ್ಚಿಸಬಹುದು. ದೋಣಿಯ ಎಂಜಿನ್ನು ನಿಂತರೆ ಇಳಿಯಲು ನೆಲವಿಲ್ಲ, ಚರ್ಚಿಸಲು ಸಮಯವಿಲ್ಲ. ಅದರಲ್ಲಿಯೂ ಹೊಳೆಯು ಕಡಲನ್ನು ಸೇರುವ ಅಳಿವೆಯ ಬಾಯಲ್ಲಿ, ಮಳೆಗಾಲದ ಕೆಂಪು ನೀರು ಹೊರಕ್ಕೆ ನುಗ್ಗುವ ಮತ್ತು ಕಡಲಿನ ತೆರೆ ಒಳಕ್ಕೆ ನುಗ್ಗುವ ಆ ಇಕ್ಕಟ್ಟಿನಲ್ಲಿ, ಎಂಜಿನ್ನಿನ ಬಲ ತಪ್ಪಿದ ದೋಣಿಯು ಅಲೆಗೆ ಅಡ್ಡವಾಗಿ ತಿರುಗಲು ಬಹಳ ಹೊತ್ತು ಬೇಕಾಗುವುದಿಲ್ಲ. ಅಡ್ಡ ತಿರುಗಿದ ಮೇಲೆ ಏನಾಗುವುದೆಂಬುದನ್ನು ಕರಾವಳಿಯ ಮನೆಗಳಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ.

ನಾನು ಕಡಲಿಗೆ ಹೋಗುವವನಲ್ಲ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿ ವಿಶ್ರಾಂತಿಗೆ ಬಂದವನು. ಆದರೆ ಕುಂಬಳೆಗೂ ಶಿರಿಯಾಕ್ಕೂ ನಡುವಣ ಕಡಲ ಕರೆಯಲ್ಲಿ ನಮ್ಮ ಮನೆ. ನನ್ನ ತಮ್ಮ ಕಡಲನ್ನೇ ನಂಬಿ ಬದುಕಿದವನು. ಅವನ ದೋಣಿಯ ಹಿಂಬದಿಗೆ ತಗುಲಿಸುವ ಮೋಟಾರು 9.9 ಕುದುರೆಶಕ್ತಿಯದು, ಎರಡು ಸಿಲಿಂಡರಿನದು. ಅವನ ಕೈಗೆ ಬರುವ ಮೊದಲೇ ಅದು ಇನ್ನೊಬ್ಬರಲ್ಲಿ ಸಾಕಷ್ಟು ದುಡಿದಿತ್ತು. ಹಳೆಯ ಎತ್ತನ್ನು ಸಾಕುವವನಿಗೆ ಎತ್ತಿನ ವೈದ್ಯವೂ ಸ್ವಲ್ಪ ಬರಬೇಕು ಎಂಬಂತೆ, ಆ ಮೋಟಾರಿನ ಕಾಯಿಲೆ ಕಸಾಲೆಗಳು ನಮ್ಮ ಮನೆಯವರಿಗೆಲ್ಲ ಕ್ರಮೇಣ ಪರಿಚಿತವಾದವು. ಅವುಗಳಲ್ಲಿ ಹೆಚ್ಚಿನವು ಒಂದೇ ಜಾತಿಗೆ ಸೇರಿದವು: ಎಂಜಿನ್ನಿಗೆ ಎಣ್ಣೆ ಸರಿಯಾಗಿ ತಲುಪದಿರುವುದು.

ಈ ವಿಷಯವನ್ನು ಕನ್ನಡದಲ್ಲಿ ಬರೆಯಬೇಕೆಂದು ನನಗೆ ತೋರಿದುದಕ್ಕೆ ಒಂದು ಕಾರಣವಿದೆ. ನಮ್ಮ ಕಡೆಯ ದೋಣಿಯೊಂದರಲ್ಲಿ ನಾಲ್ಕು ಭಾಷೆಗಳು ಸೇರಿ ಸಂಸಾರ ಮಾಡುತ್ತವೆ. ಮೋಟಾರಿನ ಮೈಮೇಲಿನ ಬರಹವೂ ಅದರ ಕೈಪಿಡಿಯೂ ಇಂಗ್ಲಿಷಿನಲ್ಲಿ. ರಿಯಾಯಿತಿ ಸೀಮೆಎಣ್ಣೆಯ ಪರವಾನಿಗೆಗೆ ಸಲ್ಲಿಸುವ ಅರ್ಜಿ ಮಲಯಾಳದಲ್ಲಿ. ದೋಣಿಯೊಳಗಿನ ಮಾತು ತುಳುವಿನಲ್ಲಿ. ಮನೆಗೆ ಬಂದ ಮೇಲೆ ಮಕ್ಕಳು ಓದುವುದು ಕನ್ನಡ. ಹೀಗಾಗಿ ಎಂಜಿನ್ನಿನ ಜ್ಞಾನವು ಕೈಯಿಂದ ಕೈಗೆ ದಾಟಿತೇ ಹೊರತು ಹಾಳೆಯ ಮೇಲೆ ಇಳಿಯಲಿಲ್ಲ. ಕೈಗೆ ವಯಸ್ಸಾಗುತ್ತದೆ, ಹಾಳೆಗೆ ಅಷ್ಟು ಬೇಗ ಆಗುವುದಿಲ್ಲ.

ದೋಣಿಯ ಹಿಂಬದಿಗೆ ತಗುಲಿಸಿ ಬೇಕಾದಾಗ ಕಳಚಿ ಹೆಗಲ ಮೇಲೆ ಹೊತ್ತು ತರಬಹುದಾದ ಈ ಬಗೆಯ ಮೋಟಾರನ್ನು ವ್ಯಾಪಾರಕ್ಕೆ ತಂದು ಹೆಸರು ಮಾಡಿದವನು ಓಲೆ ಎವಿನ್‌ರೂಡ್. ನಾರ್ವೆಯಲ್ಲಿ 1877ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಹೆತ್ತವರೊಡನೆ ಅಮೆರಿಕೆಗೆ ವಲಸೆ ಹೋದವನು. 1909ರಲ್ಲಿ ಮಿಲ್ವಾಕಿ ಪಟ್ಟಣದಲ್ಲಿ ಅವನು ತನ್ನ ಮೋಟಾರನ್ನು ಸಿದ್ಧಪಡಿಸಿದ. ಅದರ ಶಕ್ತಿ ಒಂದೂವರೆ ಕುದುರೆಯದು ಮಾತ್ರ. ಜಾಹೀರಾತು ಬರೆದು, ಪತ್ರವ್ಯವಹಾರ ನೋಡಿಕೊಂಡು ಆ ಉದ್ಯಮವನ್ನು ಎತ್ತಿ ನಿಲ್ಲಿಸಿದವಳು ಅವನ ಹೆಂಡತಿ ಬೆಸ್. ಹುಟ್ಟು ಹಾಕುವ ಕಾಲ ಮುಗಿಯಿತು ಎಂಬರ್ಥದ ಅವಳ ಜಾಹೀರಾತು ಅಂದು ಬಹಳ ಪ್ರಸಿದ್ಧವಾಗಿತ್ತಂತೆ. ಆ ಹೆಸರಿನ ಮೋಟಾರುಗಳ ತಯಾರಿಕೆ 2020ರಲ್ಲಿ ನಿಂತುಹೋಯಿತು. ಆದರೆ ಅವನು ಹಾಕಿದ ಹಾದಿ ನಿಲ್ಲಲಿಲ್ಲ. ಕೇರಳದ ಕರಾವಳಿಯಲ್ಲಿ 1980ರ ದಶಕದಲ್ಲಿ ನಾಡದೋಣಿಗಳಿಗೆ ಔಟ್‌ಬೋರ್ಡ್ ಮೋಟಾರುಗಳು ವ್ಯಾಪಕವಾಗಿ ಬಂದವು. ಜಪಾನಿನ ಯಮಾಹಾ, ಸುಜುಕಿ ಎಂಬ ಹೆಸರುಗಳು ಬೂತಾಯಿ, ಬಂಗುಡೆಗಳಷ್ಟೇ ಮನೆಮಾತಾದವು. ಮಳೆಗಾಲದಲ್ಲಿ ಟ್ರಾಲಿಂಗ್ ದೋಣಿಗಳಿಗೆ ನಿಷೇಧವಿರುವಾಗ ಕಡಲಿಗಿಳಿಯುವುದು ಈ ಸಾಂಪ್ರದಾಯಿಕ ದೋಣಿಗಳೇ. ಎಂದರೆ, ಕಡಲು ಅತ್ಯಂತ ಕೆರಳಿರುವ ದಿನಗಳಲ್ಲಿಯೇ ಈ ಚಿಕ್ಕ ಮೋಟಾರುಗಳ ಮೇಲೆ ಹೆಚ್ಚಿನ ಭಾರ ಬೀಳುತ್ತದೆ.

ಈಗ ಎಣ್ಣೆಯ ದಾರಿಯನ್ನು ನೋಡೋಣ. ಬಾವಿಯಿಂದ ಅಡುಗೆಮನೆಗೆ ನೀರು ಬರುವ ಏರ್ಪಾಡನ್ನು ಬಲ್ಲ ಗೃಹಿಣಿಗೆ ಇದು ಕಷ್ಟವಾಗಲಾರದು. ದೋಣಿಯ ತಳದಲ್ಲಿರುವ ಟ್ಯಾಂಕು ಬಾವಿ. ಅದರಿಂದ ಹೊರಟ ರಬ್ಬರು ಕೊಳವೆಯ ನಡುವೆ ಮೊಟ್ಟೆಯಾಕಾರದ ಒಂದು ಉಂಡೆ. ಇಂಗ್ಲಿಷಿನಲ್ಲಿ ಅದು ಪ್ರೈಮರ್ ಬಲ್ಬ್, ನಮ್ಮ ಮನೆಯಲ್ಲಿ ಬರೀ ‘ಉಂಡೆ’. ಅದರ ಎರಡು ತುದಿಗಳಲ್ಲಿಯೂ ಎಣ್ಣೆಯನ್ನು ಮುಂದಕ್ಕೆ ಮಾತ್ರ ಬಿಡುವ, ಹಿಂದಕ್ಕೆ ಬಿಡದ ಪುಟ್ಟ ಕವಾಟಗಳಿವೆ. ಕೊಳವೆಯ ತುದಿಯನ್ನು ಎಂಜಿನ್ನಿಗೆ ಸಿಕ್ಕಿಸುವ ಕೊಂಡಿ, ಅಲ್ಲಿಂದ ಮುಂದೆ ಸೋಸುಕ, ಆಮೇಲೆ ಪಂಪು, ಪಂಪಿನಿಂದ ಕಾರ್ಬುರೇಟರು. ಕಾರ್ಬುರೇಟರಿನ ಬಟ್ಟಲಿನಲ್ಲಿ ಎಣ್ಣೆ ತುಂಬಿದಂತೆ ತೇಲುಬುರುಡೆ ಮೇಲೇರಿ, ಸೂಜಿಯಂಥ ಕವಾಟವನ್ನು ಮುಚ್ಚಿ, ಸಾಕೆನ್ನುತ್ತದೆ. ಎಣ್ಣೆ ಇಳಿದಂತೆ ಬೇಕೆನ್ನುತ್ತದೆ. ಆ ಬಟ್ಟಲಿನಿಂದ ಸೂಕ್ಷ್ಮ ರಂಧ್ರದ ಜೆಟ್ಟುಗಳ ಮೂಲಕ ಎಣ್ಣೆ ಮೇಲೆದ್ದು, ಗಾಳಿಯೊಡನೆ ಬೆರೆತು, ಎಂಜಿನ್ನಿನ ಒಡಲನ್ನು ಸೇರುತ್ತದೆ.

ಇದರಲ್ಲಿ ಪಂಪಿನ ಕೆಲಸ ನನಗೆ ಸದಾ ಸೋಜಿಗವನ್ನುಂಟುಮಾಡಿದೆ. ಅದಕ್ಕೆ ಹಲ್ಲುಚಕ್ರವಿಲ್ಲ, ವಿದ್ಯುತ್ತಿಲ್ಲ. ಇರುವುದು ತೆಳ್ಳಗಿನ ಒಂದು ಪೊರೆ. ಪಿಸ್ಟನ್ನು ಮೇಲೆ ಕೆಳಗೆ ಚಲಿಸುವಾಗ ಅದರ ಅಡಿಯ ಕ್ರ್ಯಾಂಕ್‌ಕೇಸಿನಲ್ಲಿ ಗಾಳಿಯ ಒತ್ತಡ ಏರಿಳಿಯುತ್ತದೆ. ಆ ಏರಿಳಿತಕ್ಕೆ ಸಿಕ್ಕ ಪೊರೆ ಅತ್ತ ಇತ್ತ ಬಳುಕಿ ಎಣ್ಣೆಯನ್ನು ಎಳೆದು ನೂಕುತ್ತದೆ. ನಿಮಿಷಕ್ಕೆ 4500 ಸುತ್ತು ತಿರುಗುವ ಎಂಜಿನ್ನಿನಲ್ಲಿ ಆ ಪೊರೆ ಸೆಕೆಂಡಿಗೆ 75 ಸಲ ಬಳುಕಬೇಕು. ಒಂದು ಗಂಟೆಯಲ್ಲಿ 2,70,000 ಸಲ. ರೂಪಾಯಿ ಅಗಲದ ರಬ್ಬರಿನ ತುಂಡೊಂದು ಇಷ್ಟು ದುಡಿದ ಮೇಲೆ ಒಂದು ದಿನ ದಣಿದು ಹರಿದರೆ ಅದನ್ನು ದೂಷಿಸುವುದು ನ್ಯಾಯವಲ್ಲ. ವರ್ಷಕ್ಕೊಮ್ಮೆ ಬದಲಿಸದವನನ್ನು ಬೇಕಾದರೆ ದೂಷಿಸಬಹುದು.

ನಮ್ಮ ಊರಿನಲ್ಲಿ ಒಬ್ಬ ವೃದ್ಧ ಮಿಸ್ತ್ರಿಯಿದ್ದರು. ಶಾಲೆಯಲ್ಲಿ ಐದನೆಯ ತರಗತಿಯನ್ನು ದಾಟಿದವರಲ್ಲ. ಆದರೆ ತರ್ಕಶಾಸ್ತ್ರವನ್ನು ಅವರಷ್ಟು ಶುದ್ಧವಾಗಿ ಪ್ರಯೋಗಿಸಿದವರನ್ನು ನಾನು ಕಾಲೇಜುಗಳಲ್ಲಿಯೂ ಕಂಡಿಲ್ಲ. ಅವರ ನಿಯಮ ಒಂದೇ: ಎಣ್ಣೆ ಯಾವ ದಾರಿಯಲ್ಲಿ ನಡೆಯುತ್ತದೆಯೋ ಅದೇ ದಾರಿಯಲ್ಲಿ ನೀನೂ ನಡೆ. ಟ್ಯಾಂಕಿನಿಂದ ಹೊರಡು, ಒಂದೊಂದು ಮನೆಯ ಬಾಗಿಲನ್ನೂ ತಟ್ಟು, ಕೊನೆಯಲ್ಲಿ ಕಾರ್ಬುರೇಟರಿಗೆ ಬಾ. ನಮ್ಮ ಹುಡುಗರ ಸ್ವಭಾವ ಇದಕ್ಕೆ ತೀರ ವಿರುದ್ಧ. ಎಂಜಿನ್ನು ಕೆಮ್ಮಿತೆಂದರೆ ಮೊದಲು ಸ್ಪಾನರು ಹೋಗುವುದು ಕಾರ್ಬುರೇಟರಿಗೆ. ಮರಳು ಹಾರುವ ಕಡಲ ದಂಡೆಯಲ್ಲಿ ಅದನ್ನು ಬಿಚ್ಚಿ, ಕಿರುಬೆರಳ ಉಗುರಿನಷ್ಟಿರುವ ಭಾಗಗಳನ್ನು ಪಂಚೆಯ ಮೇಲೆ ಹರಡಿ, ಒಂದನ್ನು ಕಳೆದುಕೊಂಡು, ಇನ್ನೊಂದಕ್ಕೆ ಮರಳು ತುಂಬಿಸಿ, ಇಲ್ಲದ ರೋಗವನ್ನು ಬರಿಸಿಕೊಳ್ಳುವುದು ನಾವು ಎಷ್ಟೋ ಕಡೆ ಕಾಣುವ ನೋಟ. ಹಣವಿಲ್ಲದೆ ಪರೀಕ್ಷಿಸಬಹುದಾದುದನ್ನೆಲ್ಲ ಮೊದಲು ಪರೀಕ್ಷಿಸು ಎಂಬುದು ಮಿಸ್ತ್ರಿಯವರ ಮಾತಿನ ತಾತ್ಪರ್ಯ.

ಅವರ ಮೊತ್ತಮೊದಲಿನ ಪರೀಕ್ಷೆಗೆ ಉಪಕರಣವೇ ಬೇಕಿರಲಿಲ್ಲ. ಬೇಕಾದುದು ಒಳ್ಳೆಯ ನೆರೆಹೊರೆ. ಪಕ್ಕದ ದೋಣಿಯಿಂದ ಅದೇ ಕೊಂಡಿಯ ಟ್ಯಾಂಕನ್ನೂ ಕೊಳವೆಯನ್ನೂ ಎರವಲು ತಂದು ತಗುಲಿಸುವುದು. ಒಂದು ಕಂಪೆನಿಯ ಕೊಂಡಿ ಇನ್ನೊಂದಕ್ಕೆ ಹೊಂದುವುದಿಲ್ಲವಾದ್ದರಿಂದ ಅದೇ ತಯಾರಿಕೆಯದಾಗಬೇಕು. ಎರವಲು ಟ್ಯಾಂಕಿನಿಂದ ಎಂಜಿನ್ನು ಸುಸೂತ್ರವಾಗಿ ನಡೆದರೆ ರೋಗ ಎಂಜಿನ್ನಿನದಲ್ಲ, ನಮ್ಮ ಟ್ಯಾಂಕಿನದು ಅಥವಾ ಕೊಳವೆಯದು. ಅರ್ಧ ಲೋಕವನ್ನು ಒಂದೇ ಏಟಿಗೆ ಬಿಟ್ಟುಬಿಡಬಹುದು. ನಡೆಯದಿದ್ದರೆ ಉಳಿದರ್ಧವನ್ನು.

ಎರವಲು ಸಿಗದಿದ್ದರೆ ಟ್ಯಾಂಕಿನ ಮುಚ್ಚಳದಿಂದ ಆರಂಭ. ಆ ಮುಚ್ಚಳದ ಮೇಲೆ ಗಾಳಿ ಒಳಹೋಗಲು ಒಂದು ತಿರುಪು ಇದೆ. ಸಾಗಿಸುವಾಗ ಎಣ್ಣೆ ಚೆಲ್ಲದಿರಲೆಂದು ಅದನ್ನು ಬಿಗಿಯುತ್ತಾರೆ. ಹೊರಡುವಾಗ ಸಡಿಲಿಸಲು ಮರೆಯುತ್ತಾರೆ. ಎಣ್ಣೆ ಇಳಿದಂತೆ ಅದರ ಸ್ಥಾನಕ್ಕೆ ಗಾಳಿ ಬಾರದೆ ಟ್ಯಾಂಕಿನೊಳಗೆ ಶೂನ್ಯ ಹುಟ್ಟುತ್ತದೆ. ಕೆಲವು ನಿಮಿಷ ಚೆನ್ನಾಗಿ ಓಡಿದ ಎಂಜಿನ್ನು ಉಸಿರುಗಟ್ಟಿದಂತಾಗಿ ನಿಲ್ಲುತ್ತದೆ. ಎಳನೀರಿಗೆ ತುಟಿಯೊತ್ತಿ ಹೀರುವ ಮಗುವಿಗೆ ಸ್ವಲ್ಪ ಹೊತ್ತಿನಲ್ಲಿ ನೀರು ಬಾರದಾಗುವುದಿಲ್ಲವೇ, ಹಾಗೆ. ತಿರುಪನ್ನು ತೆರೆದಾಗ ಸುಯ್ಯೆಂದು ಗಾಳಿ ಒಳನುಗ್ಗಿದರೆ ರೋಗವೂ ತಿಳಿಯಿತು, ಔಷಧವೂ ಆಯಿತು. ತಿರುಪು ತೆರೆದಿದ್ದರೂ ಅದರ ರಂಧ್ರದಲ್ಲಿ ಉಪ್ಪು ಕಟ್ಟಿರಬಹುದು, ನೋಡಬೇಕು.

ಆಮೇಲೆ ಟ್ಯಾಂಕಿನ ತಳದ ಎಣ್ಣೆಯನ್ನು ಸ್ವಲ್ಪ ಗಾಜಿನ ಶೀಷೆಯೊಂದಕ್ಕೆ ತೆಗೆದು ಬೆಳಕಿಗೆ ಹಿಡಿಯಬೇಕು. ಎಣ್ಣೆಗಿಂತ ನೀರು ಭಾರ. ಬೆರೆತಿದ್ದರೆ ತುಸು ಹೊತ್ತಿನಲ್ಲಿ ಮಣಿಮಣಿಯಾಗಿ ಅಡಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ದಂಡೆಯ ಮೇಲೆ ತೆರೆದಿಟ್ಟ ಪೀಪಾಯಿಗಳಿಂದ ತುಂಬಿಸಿಕೊಳ್ಳುವ ನಮ್ಮ ಪದ್ಧತಿಯಲ್ಲಿ ಇದು ಅಪರೂಪವಲ್ಲ. ಎಂಜಿನ್ನಿಗೆ ಒಂದು ಚಮಚ ನೀರು ಸಾಕು, ನಿಲ್ಲಲು. ಟ್ಯಾಂಕಿನೊಳಗೆ ಇಳಿಬಿದ್ದ ಹೀರುಕೊಳವೆಯ ತುದಿಯಲ್ಲಿ ಚಿಕ್ಕದೊಂದು ಜಾಲರಿಯಿದೆ. ತುಕ್ಕು, ಕಸ ಅಲ್ಲಿ ಸೇರಿ ದಾರಿ ಕಟ್ಟುತ್ತದೆ. ಇವೆರಡನ್ನೂ ಶುಚಿ ಮಾಡಲು ಬೇಕಾದುದು ಹಣವಲ್ಲ, ತಾಳ್ಮೆ.

ಮುಂದಿನ ಮನೆ ಉಂಡೆಯದು. ಈ ಉಂಡೆಯನ್ನು ಕೇವಲ ಎಣ್ಣೆ ಏರಿಸುವ ಸಾಧನವೆಂದು ತಿಳಿಯುವವರೇ ಹೆಚ್ಚು. ವಾಸ್ತವವಾಗಿ ಅದು ನಾಡಿ. ಹಿಡಿದು ನೋಡಿದವನಿಗೆ ಒಳಗಿನ ಸಂಗತಿಯನ್ನೆಲ್ಲ ಹೇಳುತ್ತದೆ. ಅದರ ಮೇಲಿನ ಬಾಣದ ಗುರುತು ಎಂಜಿನ್ನಿನ ಕಡೆಗಿರಬೇಕು. ಒತ್ತುವಾಗ ಬಾಣ ಮೇಲ್ಮುಖವಾಗುವಂತೆ ಹಿಡಿದರೆ ಒಳಗಿನ ಕವಾಟಗಳು ಸರಿಯಾಗಿ ಕುಳಿತುಕೊಳ್ಳುತ್ತವೆ. ಕೆಲವು ಸಲ ಒತ್ತಿದೊಡನೆ ಉಂಡೆ ಗಟ್ಟಿಯಾಗಬೇಕು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಒಂದೋ ಟ್ಯಾಂಕು ಬರಿದಾಗಿದೆ, ಇಲ್ಲವೇ ಎಲ್ಲಿಯೋ ಗಾಳಿ ಒಳಸೇರುತ್ತಿದೆ, ಇಲ್ಲವೇ ಉಂಡೆಯ ಕವಾಟ ಕೆಟ್ಟಿದೆ, ಅಥವಾ ಕಾರ್ಬುರೇಟರಿನ ಸೂಜಿ ಮುಚ್ಚದೆ ಎಣ್ಣೆ ಹೊರಕ್ಕೆ ಉಕ್ಕುತ್ತಿದೆ. ಉಕ್ಕುವುದಾದರೆ ಮೂಗೇ ಹೇಳುತ್ತದೆ. ಉಂಡೆ ಕಲ್ಲಿನಂತೆ ಗಟ್ಟಿಯಾಗಿದ್ದೂ ಎಂಜಿನ್ನಿಗೆ ಎಣ್ಣೆ ಸಾಲದಿದ್ದರೆ ಅಡ್ಡಿ ಉಂಡೆಯ ಮುಂದಿದೆ. ಎಂಜಿನ್ನು ಓಡುತ್ತಿರುವಾಗ ಉಂಡೆ ಚಪ್ಪಟೆಯಾಗಿ ಒಳಕ್ಕೆ ಸೇದಿಕೊಂಡರೆ ಅಡ್ಡಿ ಉಂಡೆಯ ಹಿಂದಿದೆ. ಓಡುವಾಗ ಅದು ತುಸು ಮೆತ್ತಗಾಗುವುದು ಸಹಜ, ಚಪ್ಪಟೆಯಾಗುವುದು ಸಹಜವಲ್ಲ.

ಗಾಳಿ ಒಳಸೇರುವ ವಿಷಯದಲ್ಲಿ ಬಹುಮಂದಿ ಮೋಸಹೋಗುತ್ತಾರೆ. ಕೊಳವೆಯಲ್ಲಿ ಬಿರುಕಿದ್ದರೆ ಎಣ್ಣೆ ಸೋರಬೇಕಲ್ಲ, ಸೋರುತ್ತಿಲ್ಲವಾದ್ದರಿಂದ ಬಿರುಕಿಲ್ಲ ಎಂದು ವಾದಿಸುತ್ತಾರೆ. ಆದರೆ ಪಂಪು ಎಣ್ಣೆಯನ್ನು ತಳ್ಳುವುದು ತನ್ನ ಮುಂದಿನ ದಾರಿಯಲ್ಲಿ. ತನ್ನ ಹಿಂದಿನ ದಾರಿಯಲ್ಲಿ ಅದು ಎಳೆಯುತ್ತದೆ. ಎಳೆಯುವ ಕೊಳವೆಯ ಬಿರುಕಿನಿಂದ ಎಣ್ಣೆ ಹೊರಬರುವುದಿಲ್ಲ, ಗಾಳಿ ಒಳಹೋಗುತ್ತದೆ. ಕೊಂಡಿಯೊಳಗಿನ ರಬ್ಬರು ಬಳೆ ಸವೆದಿದ್ದರೂ ಇದೇ ಪರಿಣಾಮ. ಪಾರದರ್ಶಕವಾದ ಗೇಣುದ್ದದ ಕೊಳವೆಯೊಂದನ್ನು ಪರೀಕ್ಷೆಗೆಂದು ನಡುವೆ ಜೋಡಿಸಿ ನೋಡಿದರೆ ಗುಳ್ಳೆಗಳು ಸಾಲಾಗಿ ಹೋಗುವುದು ಕಣ್ಣಿಗೇ ಕಾಣುತ್ತದೆ.

ಇಲ್ಲಿ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಬೇಕು. ಒಂದು ವರ್ಷ ಕರ್ಕಾಟಕ ಮಾಸದ ಬೆಳಿಗ್ಗೆ ತಮ್ಮನೂ ಅವನ ಇಬ್ಬರು ಜತೆಗಾರರೂ ಬಲೆ ಎಳೆದು ಮರಳುತ್ತಿದ್ದರು. ಶಿರಿಯಾ ಅಳಿವೆ ಇನ್ನೇನು ಎದುರಿಗೆ ಬಂದಿತೆನ್ನುವಾಗ ಎಂಜಿನ್ನಿನ ಸ್ವರ ಇಳಿಯತೊಡಗಿತು. ವೇಗ ಕೊಟ್ಟರೆ ಸಾಯುವಂತೆ ಮಾಡುವುದು, ವೇಗ ತಗ್ಗಿಸಿದರೆ ಚೇತರಿಸಿಕೊಳ್ಳುವುದು. ತಮ್ಮ ಮುಚ್ಚಳದ ತಿರುಪನ್ನು ನೋಡಿದ, ತೆರೆದಿತ್ತು. ಉಂಡೆಯನ್ನು ಹಿಡಿದ; ಚಪ್ಪಟೆಯಾಗಿರಲಿಲ್ಲ. ಎರಡು ಸಲ ಬಲವಾಗಿ ಒತ್ತಿದ. ಎಂಜಿನ್ನು ಒಮ್ಮೆಲೇ ಹುರುಪುಗೊಂಡು ಗರ್ಜಿಸಿತು. ಬಿಟ್ಟ, ಮತ್ತೆ ಸೊರಗಿತು. ಅವನಿಗೆ ಅಷ್ಟು ಸಾಕಾಯಿತು. ಎಣ್ಣೆ ಇದೆ, ದಾರಿ ತೆರೆದಿದೆ, ಎಳೆಯುವ ಕೈ ಸೋತಿದೆ. ಪಂಪಿನ ಪೊರೆ ಹೋಗಿದೆ. ಅವನು ಚುಕ್ಕಾಣಿಯನ್ನು ಬಿಡಲಿಲ್ಲ. ಜತೆಗಾರರಲ್ಲಿ ಕಿರಿಯವನನ್ನು ಟ್ಯಾಂಕಿನ ಬಳಿ ಕೂರಿಸಿ, ಉಂಡೆಯನ್ನು ಕೈಗೆ ಕೊಟ್ಟು, ನಾನು ಸಾಕೆನ್ನುವವರೆಗೆ ಒತ್ತುತ್ತಲೇ ಇರು ಎಂದ. ಆ ಹುಡುಗ ಅಳಿವೆಯನ್ನು ದಾಟಿ ಹೊಳೆಯ ಶಾಂತ ನೀರಿಗೆ ಬರುವವರೆಗೂ ತೆರೆಗಳ ನಡುವೆ ಒಂದೇ ಸಮನೆ ಉಂಡೆಯನ್ನು ಹಿಂಡಿದ. ಎಂಜಿನ್ನು ಒಮ್ಮೆಯೂ ನಿಲ್ಲಲಿಲ್ಲ. ಮಧ್ಯಾಹ್ನ ಪಂಪನ್ನು ಬಿಚ್ಚಿದಾಗ ಪೊರೆಯ ಅಂಚಿನಲ್ಲಿ ಕೂದಲೆಳೆಯಂಥ ಹರಕು ಕಾಣಿಸಿತು. ಬದಲಿಸಲು ಹಿಡಿದ ಸಮಯ ಅರ್ಧ ಗಂಟೆ. ಎರಡು ದಿನ ಆ ಹುಡುಗನ ಬಲಗೈ ಊದಿಕೊಂಡಿತ್ತು. ಅವನ ತಾಯಿ ಬಿಸಿನೀರಿನ ಶಾಖ ಕೊಡುತ್ತ, ಅಷ್ಟೇ ಅಲ್ಲವೇ ಎಂದು ನಮ್ಮ ಮನೆಯವರೊಡನೆ ಹೇಳಿಕೊಂಡಳಂತೆ. ಆ ‘ಅಷ್ಟೇ’ ಎಂಬ ಮಾತಿನ ಹಿಂದೆ ಏನೆಲ್ಲ ಇತ್ತೆಂಬುದು ಕರಾವಳಿಯ ತಾಯಂದಿರಿಗೆ ತಿಳಿದೇ ಇದೆ.

ಹರಿದ ಪೊರೆ ಯಾವಾಗಲೂ ಹೀಗೆ ಸೊರಗುವಿಕೆಯಿಂದಲೇ ತನ್ನನ್ನು ತೋರಿಸಿಕೊಳ್ಳುವುದಿಲ್ಲ. ಕೆಲವೊಮ್ಮೆ ಹರಕಿನ ಮೂಲಕ ಎಣ್ಣೆ ನೇರವಾಗಿ ಕ್ರ್ಯಾಂಕ್‌ಕೇಸಿಗೆ ಇಳಿದು ಎಂಜಿನ್ನು ಅತಿಯಾಗಿ ಹೊಗೆಯುಗುಳುತ್ತದೆ, ಪ್ಲಗ್ಗು ಒದ್ದೆಯಾಗುತ್ತದೆ. ಪ್ಲಗ್ಗನ್ನು ಬಿಚ್ಚಿ ನೋಡುವುದು ಎಲ್ಲ ಸಂದರ್ಭಗಳಲ್ಲಿಯೂ ಒಳ್ಳೆಯ ಸಾಕ್ಷ್ಯ. ಬಹಳ ಸಲ ಹಗ್ಗ ಎಳೆದ ಮೇಲೆಯೂ ಪ್ಲಗ್ಗು ಒಣಗಿದ್ದರೆ ಎಣ್ಣೆ ಬಂದಿಲ್ಲ. ಒದ್ದೆಯಾಗಿದ್ದರೆ ಎಣ್ಣೆ ಬಂದಿದೆ, ಹೆಚ್ಚಾಗಿ ಬಂದಿದೆ ಅಥವಾ ಕಿಡಿ ಹುಟ್ಟುತ್ತಿಲ್ಲ. ಎರಡು ಸಿಲಿಂಡರುಗಳಲ್ಲಿ ಒಂದು ಒಣಗಿ ಇನ್ನೊಂದು ಒದ್ದೆಯಾಗಿದ್ದರೆ ಅದೂ ಒಂದು ಸುಳಿವು.

ಇಷ್ಟೆಲ್ಲ ನೋಡಿಯೂ ದೋಷ ಸಿಗದಿದ್ದರೆ ಮಾತ್ರ ಕಾರ್ಬುರೇಟರು. ಆರು ತಿಂಗಳು ಸುಮ್ಮನಿದ್ದ ಎಂಜಿನ್ನಿನ ಬಟ್ಟಲಿನಲ್ಲಿ ಪೆಟ್ರೋಲು ಆವಿಯಾಗಿ ಗೋಂದಿನಂಥ ಅಂಟು ಉಳಿಯುತ್ತದೆ. ಅದು ಜೆಟ್ಟಿನ ರಂಧ್ರವನ್ನು ಮುಚ್ಚುತ್ತದೆ. ನಿಧಾನಗತಿಯ ಜೆಟ್ಟು ಕಟ್ಟಿದರೆ ವೇಗದಲ್ಲಿ ಓಡುವ ಎಂಜಿನ್ನು ವೇಗ ತಗ್ಗಿಸಿದೊಡನೆ ನಿಲ್ಲುತ್ತದೆ. ಮುಖ್ಯ ಜೆಟ್ಟು ಕಟ್ಟಿದರೆ ನಿಧಾನವಾಗಿ ಓಡುವುದು ವೇಗ ಕೊಟ್ಟಾಗ ಸೊರಗುತ್ತದೆ. ಚೋಕನ್ನು ಎಳೆದೇ ಓಡಿಸಬೇಕಾಗಿ ಬಂದರೆ ಎಣ್ಣೆಯ ಪಾಲು ಕಡಿಮೆಯಾಗಿದೆ ಎಂದೇ ಅರ್ಥ. ಜೆಟ್ಟನ್ನು ಶುಚಿಗೊಳಿಸುವಾಗ ಹೊಲಿಗೆಯ ಸೂಜಿಯನ್ನಾಗಲಿ ತಂತಿಯನ್ನಾಗಲಿ ಚುಚ್ಚಲೇಬಾರದು. ಹಿತ್ತಾಳೆ ಮೆದು ಲೋಹ. ಅಳತೆ ಮಾಡಿ ಕೊರೆದ ರಂಧ್ರ ಕೂದಲಷ್ಟು ಅಗಲವಾದರೂ ಎಣ್ಣೆಯ ಲೆಕ್ಕ ತಪ್ಪುತ್ತದೆ. ದ್ರಾವಕದಲ್ಲಿ ನೆನೆಸಿ, ಸೈಕಲ್ ಪಂಪಿನಿಂದ ಗಾಳಿ ಹಾಯಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಇದನ್ನು ಮನೆಯ ಜಗಲಿಯಲ್ಲಿ, ಬಿಳಿಯ ಬಟ್ಟೆ ಹಾಸಿ, ಭಾಗಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಸಾಲಾಗಿ ಇಟ್ಟು ಮಾಡಬೇಕು.

ನಮ್ಮ ಕರಾವಳಿಗೆ ವಿಶಿಷ್ಟವಾದ ಒಂದು ತೊಡಕು ಸೀಮೆಎಣ್ಣೆಯದು. ಇಲ್ಲಿಯ ಎಷ್ಟೋ ಮೋಟಾರುಗಳು ಪೆಟ್ರೋಲಿನಲ್ಲಿ ಎಚ್ಚೆತ್ತು ಸೀಮೆಎಣ್ಣೆಯಲ್ಲಿ ದುಡಿಯುವಂಥವು. ಸೀಮೆಎಣ್ಣೆ ತಂಪು ಎಂಜಿನ್ನಿನಲ್ಲಿ ಸುಲಭವಾಗಿ ಆವಿಯಾಗದು. ಆದ್ದರಿಂದ ಪೆಟ್ರೋಲಿನಲ್ಲಿ ಆರಂಭಿಸಿ, ಬಿಸಿಯಾದ ಮೇಲೆ ಕೀಲಿಯನ್ನು ಸೀಮೆಎಣ್ಣೆಗೆ ತಿರುಗಿಸಬೇಕು. ದಡ ಸೇರುವ ಮುನ್ನ ಕೆಲವು ನಿಮಿಷ ಮತ್ತೆ ಪೆಟ್ರೋಲಿಗೆ ತಿರುಗಿಸಿ ಬಟ್ಟಲಿನಲ್ಲಿ ಉಳಿದ ಸೀಮೆಎಣ್ಣೆಯನ್ನು ತೀರಿಸಬೇಕು. ಹಾಗೆ ಮಾಡದೆ ನಿಲ್ಲಿಸಿದ ಎಂಜಿನ್ನು ಮರುದಿನ ಎಷ್ಟು ಎಳೆದರೂ ಏಳುವುದಿಲ್ಲ. ಪಂಪೂ ಸರಿ, ಕೊಳವೆಯೂ ಸರಿ, ಎಣ್ಣೆಯೂ ತುಂಬಿದೆ. ಆದರೆ ಬಟ್ಟಲಿನಲ್ಲಿರುವುದು ಬೇರೆ ಎಣ್ಣೆ. ಬಟ್ಟಲಿನ ಅಡಿಯ ತಿರುಪನ್ನು ಬಿಚ್ಚಿ, ಅದನ್ನು ಡಬ್ಬಿಗೆ ಇಳಿಸಿ, ಉಂಡೆಯಿಂದ ಪೆಟ್ರೋಲನ್ನು ಏರಿಸಿದರೆ ಗುಣವಾಗುತ್ತದೆ. ಈಚಿನ ವರ್ಷಗಳಲ್ಲಿ ರಿಯಾಯಿತಿ ಸೀಮೆಎಣ್ಣೆ ದುರ್ಲಭವಾಗಿರುವುದರಿಂದ ಪೆಟ್ರೋಲಿನಲ್ಲಿಯೇ ಓಡಿಸುವವರೂ ಇದ್ದಾರೆ. ಅವರಿಗೆ ಈ ತೊಡಕಿಲ್ಲ, ಖರ್ಚಿನ ತೊಡಕು ಮಾತ್ರ.

ಪೆಟ್ರೋಲಿಗೂ ಈಗ ಹೊಸದೊಂದು ಗುಣ ಬಂದಿದೆ. 2023ರಿಂದೀಚೆಗೆ ನಮ್ಮ ದೇಶದ ಪಂಪುಗಳಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲು ಹರಡಿದೆ. ಎಥನಾಲಿಗೆ ನೀರಿನ ಮೇಲೆ ವ್ಯಾಮೋಹ; ಕಡಲ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಮಿತಿ ಮೀರಿದಾಗ ನೀರಿನೊಡನೆ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ಅಡಿಗೆ ಇಳಿಯುತ್ತದೆ. ಎಣ್ಣೆ ಹೀರುವ ಕೊಳವೆಯ ಬಾಯಿ ಇರುವುದೂ ಅಲ್ಲಿಯೇ. ಇದಲ್ಲದೆ ಇಂಥ ಇಂಧನಕ್ಕಾಗಿ ಮಾಡದ ಹಳೆಯ ರಬ್ಬರನ್ನು ಅದು ಉಬ್ಬಿಸಿ ಮೆದುವಾಗಿಸುತ್ತದೆ. ನಮ್ಮ ನೆರೆಯವರೊಬ್ಬರ ಮೋಟಾರು ಒಂದು ಋತುವಿಡೀ ಅವರನ್ನು ಕಾಡಿತು. ಕಾರ್ಬುರೇಟರನ್ನು ಎರಡು ಸಲ ತೊಳೆದರು, ಪಂಪನ್ನು ಬದಲಿಸಿದರು, ಮಂತ್ರವಾದಿಯೊಬ್ಬನನ್ನು ಕರೆಸುವ ಮಾತೂ ಮನೆಯಲ್ಲಿ ಬಂದಿತ್ತು. ಮಿಸ್ತ್ರಿಯವರು ಬಂದು ಟ್ಯಾಂಕಿನಿಂದ ದಾರಿ ಹಿಡಿದು ನಡೆದರು. ಹೊರಗಿನಿಂದ ನಿರ್ದೋಷಿಯಾಗಿ ಕಾಣುತ್ತಿದ್ದ ಕೊಳವೆಯನ್ನು ಉದ್ದಕ್ಕೆ ಸೀಳಿ ತೋರಿಸಿದರು. ಒಳಪದರವು ಕಳಚಿ ನಾಲಗೆಯಂತೆ ಜೋತುಬಿದ್ದಿತ್ತು. ಬಾಯಿಯಿಂದ ಊದಿದರೆ ಗಾಳಿ ಧಾರಾಳವಾಗಿ ಹೋಗುತ್ತಿತ್ತು. ಎಂಜಿನ್ನು ವೇಗವಾಗಿ ಹೀರಿದಾಗ ಮಾತ್ರ ಆ ನಾಲಗೆ ಎದ್ದು ದಾರಿಯನ್ನು ಮುಚ್ಚುತ್ತಿತ್ತು. ಎರಡು ಮೀಟರು ಹೊಸ ಕೊಳವೆಯೊಡನೆ ಆ ವರ್ಷದ ದುಃಖವೆಲ್ಲ ಮುಗಿಯಿತು.

ಇಷ್ಟನ್ನೆಲ್ಲ ಓದಿ, ಎಣ್ಣೆ ಸ್ವಲ್ಪ ಕಡಿಮೆಯಾದರೆ ಎಂಜಿನ್ನು ಸ್ವಲ್ಪ ನಿಧಾನವಾಗುವುದಷ್ಟೇ ಅಲ್ಲವೇ, ಹೇಗೋ ದೂಡಿಕೊಂಡು ಹೋದರಾಯಿತು ಎಂದು ಯಾರಾದರೂ ಹೇಳಬಹುದು. ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕಾದ ಮಾತು ಇಲ್ಲಿದೆ. ಹಳೆಯ ಎರಡು ಹೊಡೆತದ ಎಂಜಿನ್ನಿಗೆ ಜಾರುವ ಎಣ್ಣೆ ಬೇರೆ ದಾರಿಯಿಂದ ಬರುವುದಿಲ್ಲ. ಅದನ್ನು ಇಂಧನದಲ್ಲಿಯೇ ಬೆರೆಸುತ್ತೇವೆ. ಅನೇಕ ಪೆಟ್ರೋಲ್ ಮೋಟಾರುಗಳಿಗೆ 50ಕ್ಕೆ 1ರಂತೆ, ಎಂದರೆ 10 ಲೀಟರಿಗೆ 200 ಮಿಲಿಲೀಟರು. ಸೀಮೆಎಣ್ಣೆಯ ಮೋಟಾರಿಗೆ ಕೈಪಿಡಿ ಹೇಳಿದಷ್ಟು. ಹಾಗಾದ ಮೇಲೆ ಇಂಧನ ಸಾಲದಾದರೆ ಪಿಸ್ಟನ್ನಿಗೆ ಜಾರುವಿಕೆಯೂ ಸಾಲದಾಗುತ್ತದೆ. ಉರಿಯೂ ಹೆಚ್ಚು ಬಿಸಿಯಾಗುತ್ತದೆ. ಹಸಿದ ಎಂಜಿನ್ನನ್ನು ಬಲವಂತವಾಗಿ ದುಡಿಸಿದರೆ ಅದು ನಿಧಾನವಾಗುವುದಿಲ್ಲ. ಪಿಸ್ಟನ್ನು ಸಿಲಿಂಡರಿಗೆ ಕಚ್ಚಿ ಹಿಡಿದು ಶಾಶ್ವತವಾಗಿ ನಿಲ್ಲುತ್ತದೆ. ಪೊರೆಯ, ಕೊಳವೆಯ, ರಬ್ಬರು ಬಳೆಯ ಅಲ್ಪ ಖರ್ಚು ಆಗ ಇಡೀ ಎಂಜಿನ್ನಿನ ಖರ್ಚಾಗುತ್ತದೆ. ಸಾಲದ ಪತ್ರಕ್ಕೆ ಹೆಂಡತಿಯ ಬಳೆಯೂ ಸೇರುತ್ತದೆ. ಎಂಜಿನ್ನು ಸೊರಗಿದೊಡನೆ ವೇಗ ತಗ್ಗಿಸಿ ಕಾರಣ ಹುಡುಕುವುದು ನಾಜೂಕುತನವಲ್ಲ, ಉಳಿತಾಯ.

ಮನೆಯವರಿಗಾಗಿ ಎರಡು ಮಾತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ದೋಣಿಯ ತಳದಲ್ಲಿಯೂ ಕೋಣೆಯ ಮೂಲೆಯಲ್ಲಿಯೂ ತಂಗುತ್ತದೆ. ಆದ್ದರಿಂದ ಈ ಕೆಲಸ ನಡೆಯುವಲ್ಲಿ ಬೀಡಿಯಾಗಲಿ ದೀಪವಾಗಲಿ ಬೇಡ. ಕೊಳವೆಯನ್ನು ಬಾಯಿಂದ ಸೇದಿ ಎಣ್ಣೆ ಇಳಿಸುವ ಅಭ್ಯಾಸ ನಮ್ಮಲ್ಲಿ ಬಹಳ. ಸೀಮೆಎಣ್ಣೆ ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯವಿದೆ. ಕುಡಿಯುವ ನೀರಿನ ಬಾಟಲಿಯಲ್ಲಿ ಅದನ್ನು ತುಂಬಿಡಲೇಬಾರದು. ಮಗು ಅಕಸ್ಮಾತ್ತಾಗಿ ಕುಡಿದರೆ ವಾಂತಿ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ವಾಂತಿಯ ಕಾಲದಲ್ಲಿಯೇ ಅದು ಶ್ವಾಸಕೋಶವನ್ನು ಸೇರುವ ಭಯ ಹೆಚ್ಚು. ಋತು ಮುಗಿದಾಗ ಮೋಟಾರನ್ನು ನೀರು ತುಂಬಿದ ಪೀಪಾಯಿಯಲ್ಲಿ ನಿಲ್ಲಿಸಿ, ಕೊಂಡಿ ಕಳಚಿ, ಬಟ್ಟಲು ಬರಿದಾಗುವವರೆಗೆ ಓಡಿಸಿ ಇಟ್ಟರೆ ಮುಂದಿನ ಸಲ ಅರ್ಧ ತೊಂದರೆ ತಪ್ಪುತ್ತದೆ. ನೀರಿಲ್ಲದೆ ಮಾತ್ರ ಕ್ಷಣಕಾಲವೂ ಓಡಿಸಬಾರದು. ತಂಪು ನೀರೆಳೆಯುವ ರಬ್ಬರು ಚಕ್ರ ಸುಟ್ಟುಹೋಗುತ್ತದೆ.

ಆ ಮಿಸ್ತ್ರಿ ಈಗ ಇಲ್ಲ. ಅವರ ಶಿಷ್ಯರಾಗಿದ್ದವರು ಗಲ್ಫಿಗೆ ಹೋದರು, ಕೆಲವರು ಹೊಸ ನಾಲ್ಕು ಹೊಡೆತದ ಎಂಜಿನ್ನುಗಳ ಅಂಗಡಿಗಳಲ್ಲಿ ಸೇರಿಕೊಂಡರು. ಹಳೆಯ ಮೋಟಾರನ್ನು ಹಿಡಿದು ಬದುಕುವವರು ಮಾತ್ರ ಇನ್ನೂ ಇದ್ದಾರೆ. ಹೊಸದನ್ನು ಕೊಳ್ಳಲಾರದವರು ಎಂದೂ ಇದ್ದೇ ಇರುತ್ತಾರೆ. ಅವರ ಮನೆಗಳಲ್ಲಿ ಕನ್ನಡ ಓದುವ ಹುಡುಗನೋ ಹುಡುಗಿಯೋ ಒಬ್ಬರಿದ್ದರೆ ಈ ದಾರಿಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಮನೆಯವರಿಗೆ ಓದಿ ಹೇಳಲಿ: ಮುಚ್ಚಳದ ತಿರುಪು, ಟ್ಯಾಂಕಿನ ತಳ, ಜಾಲರಿ, ಕೊಳವೆ, ಉಂಡೆ, ಕೊಂಡಿ, ಸೋಸುಕ, ಪಂಪಿನ ಪೊರೆ, ಕೊನೆಗೆ ಕಾರ್ಬುರೇಟರು. ದೋಣಿಯಲ್ಲಿ ಒಂದು ಹೆಚ್ಚಿನ ಪೊರೆ, ಎರಡು ಪ್ಲಗ್ಗು, ಒಂದು ರಬ್ಬರು ಬಳೆ, ಒಂದು ಗಜ ಕೊಳವೆ, ಪ್ಲಗ್ಗಿನ ಸ್ಪಾನರು ಇವಿಷ್ಟನ್ನು ನೀರು ತಾಗದ ಡಬ್ಬಿಯಲ್ಲಿ ಇಟ್ಟಿರಲಿ. ಬೆಸ್ ಎವಿನ್‌ರೂಡಳ ಜಾಹೀರಾತು ಏನೇ ಹೇಳಿರಲಿ, ಒಂದು ಜೊತೆ ಹುಟ್ಟನ್ನೂ ಮರೆಯದೆ ಇಟ್ಟಿರಲಿ.